ಕಾವಲು ಯಾರದು, ಹುಲ್ಲು ಯಾರದು?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ಕುದಾಪುರದ ಕಡೆಗೆ ಹೋಗುವಾಗ ಒಂದು ಗೋಡೆ ಸಿಗುತ್ತದೆ. ನಾವು ಮೂವರು ಗೆಳೆಯರು ಬಸ್ಸಿಳಿದು ಅದರ ಪಕ್ಕದಲ್ಲೇ ನಡೆದೆವು. ಎಷ್ಟು ನಡೆದರೂ ಗೋಡೆ ಮುಗಿಯಲಿಲ್ಲ. ಈಚೆ ಕಡೆ ಕಲ್ಲು, ಜಾಲಿ, ಕುರಿ ಹಿಕ್ಕೆ. ಆಚೆ ಕಡೆ ಏನಿದೆ ಅಂತ ಕಾಣದು. ನೆರಳಿಗೆಂದು ಗೋಡೆಗೇ ಒರಗಿ ಕೂತಿದ್ದ ಒಬ್ಬ ಮುದುಕಪ್ಪನನ್ನು ಕೇಳಿದೆವು: 'ಇದರೊಳಗೆ ಏನೈತಜ್ಜ?'

'ನಮ್ಮ ಹುಲ್ಲೈತೆ, ಅವರ ಇಮಾನ ಐತೆ' ಅಂದ.

ಅಷ್ಟೇ. ಇನ್ನೂರೈವತ್ತು ವರ್ಷಗಳ ಚರಿತ್ರೆಯನ್ನು ಆತ ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದ. ಅದು ಅವತ್ತು ನಮಗೆ ಗೊತ್ತಾಗಲಿಲ್ಲ. ಆಮೇಲೆ ಗೆಜೆಟಿಯರು, ಹಳೆಯ ವರದಿಗಳು ಎಲ್ಲ ಹುಡುಕಿ ಓದಿದ ಮೇಲೆ ಗೊತ್ತಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಯುದ್ಧ ಅಂದ್ರೆ ಶಾಲೆಯಲ್ಲಿ ನಮಗೆ ಕಲಿಸಿದ್ದು ಇಸವಿ. ಒಂದನೇ ಮೈಸೂರು ಯುದ್ಧ, ಎರಡನೇದು, ಮೂರನೇದು, ನಾಲ್ಕನೇದು. ಯಾರು ಗೆದ್ದರು, ಯಾವ ಒಪ್ಪಂದ ಆಯಿತು, ಎಷ್ಟು ಸೀಮೆ ಹೋಯಿತು. ಬಾಯಿಪಾಠ ಮಾಡಿ ಬರೆದು ನಾವೂ ಪಾಸಾದೆವು. ನಮ್ಮ ಅಪ್ಪ ಅವ್ವಂದಿರು ಹೆಬ್ಬೆಟ್ಟು ಒತ್ತುವವರು. ಮನೆಯಲ್ಲಿ ಮೊದಲು ಪದವಿ ತಗೊಂಡವರು ನಾವು. ಆದರೆ ನಾವು ಓದಿದ ಯುದ್ಧಗಳಲ್ಲಿ ನೆಲ ಇರಲಿಲ್ಲ. ಆ ಸೈನ್ಯ ಏನು ತಿಂತು? ಆ ಫಿರಂಗಿಗಳನ್ನು ಎಳೆದವರು ಯಾರು? ಎಳೆದ ಎತ್ತು ಎಲ್ಲಿ ಮೇಯ್ತು? ಆ ಎತ್ತು ಸತ್ತ ಮೇಲೆ ಹೊತ್ತವರು ಯಾರು? ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ.

ಚಳ್ಳಕೆರೆಯ ಗೋಡೆಯೊಳಗಿರುವುದು ಈ ಪ್ರಶ್ನೆಗಳ ಉತ್ತರ. ಆ ನೆಲದ ಹೆಸರು ಅಮೃತಮಹಲ್ ಕಾವಲು.

ಕಾವಲು ಅಂದರೆ ಕಾಯುವುದು. ಹುಲ್ಲಿಗೆಂದು ಕಾದಿಟ್ಟ ನೆಲಕ್ಕೂ ನಮ್ಮ ಕಡೆ ಕಾವಲು ಅಂತಲೇ ಹೆಸರು. ಹುಲ್ಲನ್ನು ಕಾಯಬೇಕಾದದ್ದು ಯಾತಕ್ಕೆ? ಮೈಸೂರಿನ ಅರಸರಿಗೆ ದೊಡ್ಡ ದನದ ಹಿಂಡುಗಳಿದ್ದವು. ಚಿಕ್ಕದೇವರಾಜ ಒಡೆಯರ (1672-1704) ಕಾಲದಲ್ಲಿ ಅದಕ್ಕೊಂದು ಇಲಾಖೆಯೇ ಆಯಿತು, ಬೆಣ್ಣೆ ಚಾವಡಿ ಅಂತ. ಹೆಸರು ಕೇಳಿದರೆ ಹಾಲು ಮೊಸರಿನ ವ್ಯವಹಾರ ಅನಿಸುತ್ತದೆ. ಆದರೆ ಆ ತಳಿಯ ಹಸು ಹಾಲಿಗೆ ಹೆಸರಾದದ್ದಲ್ಲ. ಬೂದು ಮೈ, ಉದ್ದನೆ ಚೂಪು ಕೊಂಬು, ಹತ್ತಿರ ಹೋದರೆ ಮೈಮೇಲೆ ಬರುವ ಸಿಟ್ಟು, ಕುದುರೆಯ ಸಮಕ್ಕೆ ನಡೆಯುವ ಕಾಲು. ಹೈದರಾಲಿ ಈ ಹಿಂಡುಗಳನ್ನು ಯುದ್ಧಕ್ಕೆ ಹೂಡಿದ. ಟಿಪ್ಪು ಇದಕ್ಕೆ ಅಮೃತಮಹಲ್ ಅಂತ ಹೊಸ ಹೆಸರಿಟ್ಟು ಹುಕುಂನಾಮೆ ಹೊರಡಿಸಿ ಕಟ್ಟುನಿಟ್ಟು ಮಾಡಿದ. ಹೆಸರು ಅಮೃತದ್ದು, ಕೆಲಸ ಫಿರಂಗಿಯದು.

ಆಗಿನ ಯುದ್ಧದಲ್ಲಿ ಗೆಲುವು ಸೋಲು ಎತ್ತಿನ ಕಾಲಲ್ಲಿತ್ತು. 1781ರಲ್ಲಿ ಚಿದಂಬರದ ರಕ್ಷಣೆಗೆಂದು ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಓಡಿತು. ಸೋತಾಗಲೂ ಶತ್ರುವಿನ ಕಣ್ಣೆದುರೇ ತೋಪುಗಳನ್ನು ಎಳಕೊಂಡು ಹೋಗುತ್ತಿತ್ತು. 1790ರ ಕಾಳಗದಲ್ಲಿ ಟಿಪ್ಪು ಎರಡು ದಿನದಲ್ಲಿ 63 ಮೈಲಿ ನಡೆಸಿದ. ಇದನ್ನೆಲ್ಲ ಬರೆದಿಟ್ಟವರು ಇಂಗ್ಲಿಷರೇ. ಹೊಟ್ಟೆಕಿಚ್ಚಿನಿಂದ ಬರೆದಿದ್ದಾರೆ. ಯಾಕಂದ್ರೆ ಅವರಿಗೆ ಅಂಥ ಎತ್ತು ಇರಲಿಲ್ಲ.

ಇಲ್ಲದ್ದಕ್ಕೆ ಏನಾಯಿತು ಅಂತ 1791 ಹೇಳುತ್ತದೆ. ಕಾರ್ನ್‌ವಾಲಿಸ್ ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಹಿಡಿದು ಶ್ರೀರಂಗಪಟ್ಟಣಕ್ಕೆ ಹೊರಟ. ಟಿಪ್ಪುವಿನ ಕಡೆಯವರು ದಾರಿಯುದ್ದಕ್ಕೂ ಮೇವು ಸುಟ್ಟರು, ದವಸ ಸಾಗಿಸಿದರು, ಹಳ್ಳಿ ಖಾಲಿ ಮಾಡಿಸಿದರು. ಶತ್ರುವಿಗೆ ಏನೂ ಸಿಗಬಾರದು ಅಂತ. ಅರಕೆರೆಯ ಹತ್ತಿರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಗೆದ್ದ. ಗೆದ್ದರೂ ಮುಂದೆ ಹೋಗಲಾಗಲಿಲ್ಲ. ಮಳೆ, ಹಸಿವು, ರೋಗ. ಎತ್ತುಗಳು ಸಾಲುಸಾಲಾಗಿ ಸತ್ತವು. ಕೊನೆಗೆ ಕನ್ನಂಬಾಡಿಯ ಬಳಿ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಾಕಿ ಬೆಂಗಳೂರಿಗೆ ವಾಪಸಾದ. ಆ ಹಳೆಯ ಕನ್ನಂಬಾಡಿ ಊರು ಇವತ್ತು ಕೃಷ್ಣರಾಜಸಾಗರದ ನೀರಿನ ಕೆಳಗಿದೆ. ಮರುವರ್ಷ, 1792ರ ಫೆಬ್ರವರಿಯಲ್ಲಿ, ಮತ್ತೆ ಬಂದು ಶ್ರೀರಂಗಪಟ್ಟಣದ ಲಾಲ್‌ಬಾಗಿನಲ್ಲಿ ಬೀಡುಬಿಟ್ಟಾಗ ಆ ತೋಟದ ಮರಗಳನ್ನೆಲ್ಲ ಕಡಿದು ಮುತ್ತಿಗೆಗೆ ಬೇಕಾದ ಕಟ್ಟಿಗೆ ಹೊರೆ, ಮಣ್ಣು ತುಂಬುವ ಬುಟ್ಟಿ ಮಾಡಿಕೊಂಡರು.

ಇಲ್ಲಿ ನಾವು ಒಂದು ಮಾತು ನೋಡಬೇಕು. ಮೇವು ಸುಟ್ಟವರು ಒಬ್ಬರು, ಮರ ಕಡಿದವರು ಇನ್ನೊಬ್ಬರು. ಟಿಪ್ಪು ದೇಶಪ್ರೇಮಿಯೋ ಕ್ರೂರಿಯೋ ಅಂತ ನಮ್ಮ ಊರುಗಳಲ್ಲಿ ತಲೆ ಒಡೆದುಕೊಳ್ಳುವ ಹುಡುಗರಿದ್ದಾರೆ. ಎರಡೂ ಕಡೆ ಕೂಗುವವರಲ್ಲಿ ನಮ್ಮ ಕೇರಿಯವರೂ ಇದ್ದಾರೆ. ಸುಟ್ಟದ್ದು ಯಾರ ಬಣವೆ, ಬರಿದಾದದ್ದು ಯಾರ ಹಗೇವು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅದೇ 1791ರಲ್ಲಿ ಪರಶುರಾಮ ಭಾವೂನ ಮರಾಠಾ ದಂಡು ಶಿರಾ, ಹಿರಿಯೂರು ಸೀಮೆಗಳಲ್ಲಿ ನುಗ್ಗಿತು. ಹತ್ತು ವರ್ಷ ಕಳೆದು, 1800-01ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಬುಕನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಹಾಳುಬಿದ್ದ ಊರುಗಳ ಮೇಲೆ ಊರುಗಳನ್ನು ಕಂಡು ಬರೆದ. ದಂಡು ಬಂತು, ದಂಡಿನ ಹಿಂದೆ ಬರ ಬಂತು.

ನಿಮ್ಮ ಶಾಲೆಯ ಹತ್ತಿರದ ಗ್ರಾಮಲೆಕ್ಕಿಗರ ಪುಸ್ತಕ ತೆಗೆದು ನೋಡಿ. ಅದರಲ್ಲಿ ಬೇಚರಾಕ್ ಗ್ರಾಮ ಅಂತ ಕೆಲವು ಹೆಸರಿರುತ್ತವೆ. ಸರ್ವೆ ನಂಬರು ಇರುತ್ತದೆ, ಜನ ಇರುವುದಿಲ್ಲ. ಬೇಚರಾಕ್ ಅಂದರೆ ಫಾರಸಿಯಲ್ಲಿ ದೀಪವಿಲ್ಲದ್ದು ಅಂತ ಅರ್ಥ. ದೀಪ ಹಚ್ಚುವವರಿಲ್ಲದ ಊರು. ಎಲ್ಲ ಬೇಚರಾಕ್ ಊರೂ ಯುದ್ಧದಿಂದ ಆದದ್ದಲ್ಲ, ಕೆಲವು ಪ್ಲೇಗಿನಿಂದ, ಕೆಲವು ಬರದಿಂದ. ಆದರೆ ಅಲ್ಲಿ ಒಂದು ಮುರುಕು ಗುಡಿ, ಒಂದು ಹುಣಿಸೆ ಮರ, ನೆಲದಲ್ಲಿ ಬೋಕಿ ಚೂರು ಕಂಡರೆ ಈ ದೀಪ ಆರಿದ್ದು ಯಾವಾಗ ಅಂತ ಮಕ್ಕಳು ಕೇಳುವಂತಾಗಬೇಕು.

ಈಗ ಎತ್ತಿನ ವಿಷಯಕ್ಕೆ ಮತ್ತೆ ಬರೋಣ. ಒಂದು ದೊಡ್ಡ ಫಿರಂಗಿಗೆ ಹತ್ತಾರು ಎತ್ತು ಬೇಕು. ಅಷ್ಟು ಎತ್ತಿಗೆ ನೊಗ ಬೇಕು, ಮಿಣಿ ಬೇಕು, ಬಾರು ಬೇಕು. ದಂಡಿಗೆ ನೀರು ಹೊರಲು ತೊಗಲಿನ ಪಕಾಲಿ ಬೇಕು. ಸಿಪಾಯಿಗೆ ಮೆಟ್ಟು ಬೇಕು, ಕತ್ತಿಗೆ ಒರೆ ಬೇಕು. ಇದನ್ನು ಮಾಡಿದವರು ಯಾರು? ತೊಗಲು ಹದ ಮಾಡುವುದು, ಮಿಣಿ ಹೊಸೆಯುವುದು, ಮೆಟ್ಟು ಹೊಲಿಯುವುದು ಈ ಸೀಮೆಯಲ್ಲಿ ಯಾವ ಕೇರಿಯ ಕೆಲಸ ಅಂತ ಹೇಳಬೇಕಾಗಿಲ್ಲ. ಸತ್ತ ದನವನ್ನು ಹೊತ್ತು ಊರಾಚೆ ಹಾಕಬೇಕಾದವರೂ ಅದೇ ಕೇರಿಯವರು. ಆ ಎತ್ತಿನ ಹೆಸರು ಗೆಜೆಟಿಯರಿನಲ್ಲಿ ಪುಟಗಟ್ಟಲೆ ಇದೆ, ಬಣ್ಣ, ಕೊಂಬು, ನಡಿಗೆ ಸಮೇತ. ಅದರ ಮಿಣಿ ಹೊಸೆದವನ ಹೆಸರು ಒಂದು ಸಾಲಿನಲ್ಲೂ ಇಲ್ಲ. ಎತ್ತಿಗೆ ಚರಿತ್ರೆ ಉಂಟು, ಮಾದಿಗನಿಗಿಲ್ಲ.

ನೆನಪಿನಲ್ಲಿ ನಮ್ಮವರು ಯಾರೂ ಇಲ್ಲವೇ ಇಲ್ಲ ಅಂತ ಅಲ್ಲ. ದುರ್ಗದ ಕೋಟೆಗೆ ಹೋದವರೆಲ್ಲ ಓಬವ್ವನ ಕಿಂಡಿ ನೋಡಿಕೊಂಡೇ ಬರುತ್ತಾರೆ. ಹೈದರನ ಸಿಪಾಯಿಗಳು ಆ ಕಿಂಡಿಯಲ್ಲಿ ತೂರಿ ಬರುವಾಗ, ನೀರು ತರಲು ಹೋದ ಕಹಳೆಯವನ ಹೆಂಡತಿ ಒನಕೆಯಲ್ಲಿ ಒಬ್ಬೊಬ್ಬರನ್ನೇ ಬಡಿದು ಹಾಕಿದಳು ಅನ್ನುವುದು ದುರ್ಗದ ಜನರ ಕಥೆ. ಛಲವಾದಿ ಜನ ಆಕೆಯನ್ನು ತಮ್ಮ ಮಗಳು ಅನ್ನುತ್ತಾರೆ. 1972ರ 'ನಾಗರಹಾವು' ಸಿನಿಮಾ ಬಂದ ಮೇಲೆ ಓಬವ್ವ ಎಲ್ಲರ ಮನೆಗೂ ಹೋದಳು. 2021ರಿಂದ ಸರ್ಕಾರವೇ ನವೆಂಬರ್ 11ಕ್ಕೆ ಓಬವ್ವನ ಜಯಂತಿ ಮಾಡುತ್ತಿದೆ. ನಮಗೂ ಹೆಮ್ಮೆಯೇ. ಆದರೆ ಕೋಟೆ ಉಳಿಸಿದವಳ ಕಥೆ ಹೇಳುವವರು ಕೋಟೆ ಬಿದ್ದ ಮೇಲಿನ ಕಥೆ ಹೇಳುವುದಿಲ್ಲ. 1779ರಲ್ಲಿ ದುರ್ಗ ಬಿತ್ತು. ಮದಕರಿ ನಾಯಕ ಸೆರೆಯಾದ. ಸುಮಾರು 20,000 ಬೇಡರನ್ನು ಹೈದರ್ ಈ ನೆಲದಿಂದ ಕಿತ್ತು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ಅವರ ಹುಡುಗರನ್ನು ಚೇಲಾ ಪಡೆಗಳಿಗೆ ಸೇರಿಸಿದ. ಒಂದು ಸೀಮೆಯ ಮಕ್ಕಳು ಇನ್ನೊಂದು ಸೀಮೆಯ ಯುದ್ಧಕ್ಕೆ ಮೇವಾದರು. ಅರಮನೆಗೆ ಉಪಯೋಗ ಬಿದ್ದಾಗಿನ ಒನಕೆಗೆ ಜಯಂತಿ ಉಂಟು. ಆ ಒನಕೆಯಲ್ಲಿ ಕುಟ್ಟಲು ಮನೆಯಲ್ಲಿ ರಾಗಿ ಇತ್ತೋ ಇಲ್ಲವೋ ಅಂತ ಕೇಳುವ ದಿನ ಇನ್ನೂ ಬಂದಿಲ್ಲ.

1799ರಲ್ಲಿ ಟಿಪ್ಪು ಸತ್ತ, ಎತ್ತು ಸಾಯಲಿಲ್ಲ. ಗೆದ್ದವರ ಕಣ್ಣು ಮೊದಲು ಬಿದ್ದದ್ದರಲ್ಲಿ ಈ ಹಿಂಡೂ ಒಂದು. 1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ಹೋದಾಗ ಅವನ ತೋಪುಗಳಿಗೆ ಹೂಡಿದ್ದು ಮೈಸೂರು ಎತ್ತು. ಅಂದರೆ ನಿನ್ನೆ ಇಂಗ್ಲಿಷರ ವಿರುದ್ಧ ಫಿರಂಗಿ ಎಳೆದ ಎತ್ತು ಇವತ್ತು ಇಂಗ್ಲಿಷರಿಗೇ ಎಳೆಯಿತು. ಎತ್ತಿಗೆ ಯಜಮಾನ ಬದಲಾದ, ನೊಗ ಬದಲಾಗಲಿಲ್ಲ. ನಮ್ಮ ಜನರ ಕಥೆಯೂ ಹಾಗೇ ಅಲ್ಲವೇ? 1813ರಲ್ಲಿ ಮದರಾಸು ಸೈನ್ಯದ ಸರಬರಾಜು ಇಲಾಖೆ ಈ ಹಿಂಡುಗಳನ್ನು ತನ್ನ ಕೈಗೇ ತಗೊಂಡಿತು. 1860ರಲ್ಲಿ ಖರ್ಚು ಜಾಸ್ತಿ ಅಂತ ಹಿಂಡುಗಳನ್ನು ಮಾರಿಹಾಕಿದರು. ಆಮೇಲೆ ಎಳೆಯುವ ಎತ್ತು ಸಿಗದೆ ಪೇಚಾಡಿ 1866ರಲ್ಲಿ ಮತ್ತೆ ಕಟ್ಟಿದರು.

ಈ ಎಲ್ಲ ಕಾಲದಲ್ಲೂ ನೆಲ ಮಾತ್ರ ಹುಲ್ಲಾಗಿಯೇ ಉಳಿಯಿತು. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ಕೆರೆಯ ಅಂಗಳ ಇರುವ ಕಾವಲಿನಲ್ಲಿ ಬೇಸಿಗೆ ಕಳೆದು, ಮಳೆ ಬಿದ್ದ ಮೇಲೆ ಸೇರ್ವೆಗಾರರು ಹಿಂಡನ್ನು ಬೇರೆ ಕಡೆಗೆ ಹೊಡೆಯುತ್ತಿದ್ದರು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಎಲ್ಲ ಸೇರಿ ನಾಲ್ಕು ಲಕ್ಷ ಎಕರೆಗೂ ಮೀರಿದ ಹುಲ್ಲುನೆಲ. ನೇಗಿಲು ತಾಗದ ನೆಲ. ಇದನ್ನು ನೋಡಿದ ಪೇಟೆಯವರು 'ಆಹಾ, ಪ್ರಕೃತಿ' ಅನ್ನುತ್ತಾರೆ. ಇದು ಬರೀ ಪ್ರಕೃತಿ ಅಲ್ಲ ಗೆಳೆಯರೇ. ಯುದ್ಧಕ್ಕೆಂದು ಕಾದಿಟ್ಟದ್ದರಿಂದ ಉಳಿದ ಹುಲ್ಲು ಇದು. ಬಂದೂಕಿನ ನೆರಳಿನಲ್ಲಿ ಬೆಳೆದದ್ದು. ಕೃಷ್ಣಮೃಗ ಉಳಿದದ್ದೂ ಅದೇ ನೆರಳಿನಲ್ಲಿ.

ಆದರೆ ದಂಡಿನ ಹುಲ್ಲಿನ ಪಕ್ಕದಲ್ಲೇ ಜನರ ಬದುಕೂ ಬೇರು ಬಿಟ್ಟಿತು. ಚಳ್ಳಕೆರೆ ಸೀಮೆ ಬರದ ಸೀಮೆ. ಮಳೆ ನಂಬಿ ಶೇಂಗಾ ಹಾಕಿದವನು ಸಾಲ ತೀರಿಸಿದ್ದು ಕಡಿಮೆ. ಇಲ್ಲಿ ಕೈ ಹಿಡಿದದ್ದು ಕುರಿ, ದನ. ಕುರುಬರ ಕುರಿ, ಆ ಉಣ್ಣೆಯ ಕಂಬಳಿ, ಮ್ಯಾಸಬೇಡರ ದೇವರ ಎತ್ತುಗಳು. ಆ ದೇವರ ಎತ್ತುಗಳನ್ನು ಉಳುಮೆಗೆ ಕಟ್ಟುವುದಿಲ್ಲ, ಮಾರುವುದಿಲ್ಲ, ಕಿಲಾರಿ ಕಾಯುತ್ತಾನೆ. ಅವಕ್ಕೂ ಮೇಯಲು ಬಯಲು ಬೇಕು. ನಮ್ಮ ಕೇರಿಯ ಹೆಂಗಸರಿಗೆ ಸೌದೆ, ಸಗಣಿ, ಈಚಲ ಗರಿ. ನಾಲ್ಕು ಮೇಕೆ ಸಾಕಿ ಮಗಳ ಮದುವೆ ಮಾಡಿದ ವಿಧವೆಗೆ ಹೊಲ ಇರಲಿಲ್ಲ, ಕಾವಲು ಇತ್ತು. ಇದಕ್ಕೆ ಪಹಣಿಯಲ್ಲಿ ಕಾಲಂ ಇಲ್ಲ.

ಇಲ್ಲಿ ನಾವು ನಮ್ಮೊಳಗಿನ ಒಂದು ಕಷ್ಟವನ್ನೂ ಮುಚ್ಚಿಡದೆ ಹೇಳಬೇಕು. ಕಾವಲು ಒಡೆದವರಲ್ಲಿ ನಮ್ಮವರೂ ಇದ್ದಾರೆ. 'ಹೆಚ್ಚು ಆಹಾರ ಬೆಳೆಯಿರಿ' ಅನ್ನುವ ಕಾಲದಲ್ಲಿ ಕಾವಲು ಜಮೀನು ದರಖಾಸ್ತಿಗೆ ಬಂತು. ತಲೆತಲಾಂತರ ಊರಗೌಡನ ಹೊಲದಲ್ಲಿ ಜೀತ ಮಾಡಿದವನು ಎರಡು ಎಕರೆ ಕಾವಲು ಒಡೆದು ರಾಗಿ ಬಿತ್ತಿದರೆ ಅದನ್ನು ಒತ್ತುವರಿ ಅನ್ನಲು ನಮಗೆ ನಾಲಿಗೆ ಬರುವುದಿಲ್ಲ. ಕೊಟ್ಟ ಜಮೀನೂ ಎಷ್ಟೋ ಕಡೆ ಉಳ್ಳವರ ಪಾಲಾದದ್ದಕ್ಕೇ 1978ರಲ್ಲಿ ಪರಭಾರೆ ನಿಷೇಧದ ಕಾಯಿದೆ ತರಬೇಕಾಯಿತು. ಹುಲ್ಲು ಬೇಕು ಅನ್ನುವ ಕುರಿಯವನೂ, ಹೊಲ ಬೇಕು ಅನ್ನುವ ಕೂಲಿಯವನೂ ಒಂದೇ ಬಯಲಲ್ಲಿ ಎದುರು ಬದುರು ನಿಂತು ಬೈದಾಡಿದ್ದಾರೆ. ಇಬ್ಬರೂ ಬಡವರು. ಇಬ್ಬರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕಾದ ಜಗಳ ಅದು. ಬಗೆಹರಿಯುವ ಮೊದಲೇ ಮೂರನೆಯವರು ಬಂದು ಗೋಡೆ ಕಟ್ಟಿಸಿದರು.

2009-10ರ ಹೊತ್ತಿಗೆ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ದೊಡ್ಡ ಸಂಸ್ಥೆಗಳಿಗೆ ಹೋಯಿತು. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಬಾಹ್ಯಾಕಾಶ ಸಂಸ್ಥೆಗೆ 573 ಎಕರೆ. ಸುತ್ತಲ ಹಳ್ಳಿಗಳ ಬಹಳ ಜನಕ್ಕೆ ವಿಷಯ ಗೊತ್ತಾದದ್ದು ಗೋಡೆ ಏಳತೊಡಗಿದ ಮೇಲೆ. ಜನ ಅರ್ಜಿ ಕೊಟ್ಟರು, ಧರಣಿ ಕೂತರು. 2013ರಲ್ಲಿ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ವಿಚಾರಣೆ ನಡೆಯಿತು. 2014ರ ಆಗಸ್ಟಿನಲ್ಲಿ ತೀರ್ಪು ಬಂತು. ಯೋಜನೆ ನಿಲ್ಲಲಿಲ್ಲ.

2016ರ ನವೆಂಬರಿನಲ್ಲಿ ಆ ಬಯಲಿನಿಂದ ಪೈಲಟ್ ಇಲ್ಲದ ಒಂದು ವಿಮಾನ ಮೊದಲ ಸಲ ಹಾರಿತು. ಶತ್ರುವಿನ ನೆಲದ ಮೇಲೆ ಎತ್ತರದಿಂದ ಕಣ್ಣಿಡಲು ಸೈನ್ಯಕ್ಕೆಂದು ಮಾಡಿದ್ದು. 2017ರ ಮೇ ತಿಂಗಳಲ್ಲಿ ಪರೀಕ್ಷಾ ನೆಲೆಯ ಉದ್ಘಾಟನೆ ಆಯಿತು. 2019ರ ಸೆಪ್ಟೆಂಬರಿನಲ್ಲಿ ಅಂಥ ಒಂದು ವಿಮಾನ ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು. 2023ರ ಆಗಸ್ಟಿನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿತ್ತು. ಯಾರೂ ಸಾಯಲಿಲ್ಲ. ಜನ ಓಡಿಬಂದು ಮೊಬೈಲಿನಲ್ಲಿ ಫೋಟೋ ಹಿಡಿದರು. 1791ರಲ್ಲಿ ಭಾವೂನ ದಂಡು ಹಾದುಹೋದ ಅದೇ ಹಿರಿಯೂರು ಸೀಮೆ.

ದೇಶಕ್ಕೆ ರಕ್ಷಣೆ ಬೇಡವೇ ಅಂತ ನಮ್ಮನ್ನು ಕೇಳುವವರಿದ್ದಾರೆ. ಬೇಕು. ವಿಜ್ಞಾನ ಬೇಡವೇ? ಬೇಕು, ನಾವೇ ಓದಿದವರು. ನಮ್ಮ ಪ್ರಶ್ನೆ ಬೇರೆ. ರಕ್ಷಣೆಯ ಬೆಲೆ ಯಾವಾಗಲೂ ಪಹಣಿಯಲ್ಲಿ ಹೆಸರಿಲ್ಲದವರೇ ಯಾಕೆ ಕೊಡಬೇಕು? ಹೈದರ್, ಟಿಪ್ಪು, ಕಂಪನಿ, ಈಗ ನಮ್ಮದೇ ಸರ್ಕಾರ. ಎಲ್ಲರೂ ಈ ನೆಲವನ್ನು ಯುದ್ಧದ ಲೆಕ್ಕದಲ್ಲೇ ನೋಡಿದರು. ಮೊದಲು ಎತ್ತಿಗೆ ಹುಲ್ಲು ಬೇಕಿತ್ತು, ಹಾಗಾಗಿ ಹುಲ್ಲು ಉಳಿಯಿತು. ಈಗ ಫಿರಂಗಿಗೆ ಎತ್ತು ಬೇಡ, ಹಾಗಾಗಿ ಹುಲ್ಲೂ ಬೇಡ. ಕಡತದಲ್ಲಿ ಅದು ಖಾಲಿ ಜಮೀನು. ಎರಡು ಲೆಕ್ಕದ ನಡುವೆ ಹತ್ತು ತಲೆಮಾರು ಬದುಕಿದವರು ಯಾವ ಲೆಕ್ಕದಲ್ಲೂ ಇಲ್ಲ. ಲೆಕ್ಕದಲ್ಲಿಲ್ಲದವರಿಗೆ ಪರಿಹಾರವೂ ಇಲ್ಲ, ಯಾಕಂದ್ರೆ ಅವರು ಕಳಕೊಂಡದ್ದು ಏನೂ ಇಲ್ಲ ಅಂತ ಕಾಗದ ಹೇಳುತ್ತದೆ.

ಹಾಗಾದರೆ ನೆನಪು ಬರೀ ನೆನಪಲ್ಲ. ಅದು ಹಕ್ಕಿನ ಪತ್ರ. ಅರಸರಿಗೆ ಶಾಸನ ಇತ್ತು, ಕಂಪನಿಗೆ ವರದಿ ಇತ್ತು, ಸರ್ಕಾರಕ್ಕೆ ಕಡತ ಇದೆ. ನಮಗೆ ಇರುವುದು ಮುದುಕ ಮುದುಕಿಯರ ಬಾಯಿ. ಅದನ್ನು ಬರೆದಿಡದೆ ಹೋದರೆ ನಾಳೆ ಅದೂ ಬೇಚರಾಕ್.

ಅದಕ್ಕೇ ಹಳ್ಳಿ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಊರಿನ ಹತ್ತಿರ ಕಾವಲು ಇದೆಯೇ? ಇಲ್ಲದಿದ್ದರೆ ಹೆಸರಲ್ಲಾದರೂ ಉಳಿದಿದೆಯೇ? ಬೆಂಗಳೂರಿನೊಳಗೇ ಕಾವಲ್ ಭೈರಸಂದ್ರ ಇದೆ, ಹೆಸರಿನಲ್ಲಿ ಕಾವಲಿದೆ, ಬೀದಿಯಲ್ಲಿ ಹುಲ್ಲಿಲ್ಲ. ನಿಮ್ಮ ಕಾವಲಿನಲ್ಲಿ ಯಾರ ದನ ಮೇಯುತ್ತಿತ್ತು? ಯಾವ ಜಾತಿಯವರು ಯಾವ ಕಡೆಯಿಂದ ಒಳಗೆ ಹೋಗಬಹುದಿತ್ತು? ನೀರಿಗೆ ಯಾವ ಕಟ್ಟೆ? ಸತ್ತ ದನ ಹೊರಲು ಯಾರನ್ನು ಕರೆಸುತ್ತಿದ್ದರು, ಕೂಲಿ ಏನು ಕೊಡುತ್ತಿದ್ದರು? ಮಕ್ಕಳಿಗೆ ಒಂದು ಹಾಳೆ ಕೊಟ್ಟು ಕಾವಲಿನ ನಕ್ಷೆ ಬರೆಸಿ, ಅಜ್ಜಿಯನ್ನು ಕೇಳಿ ಹೆಸರು ತುಂಬಿಸಲು ಹೇಳಿ. ಮಿಣಿ ಹೊಸೆಯಲು ಬರುವ ಕೈ ಇನ್ನೂ ಒಂದೆರಡು ಉಳಿದಿದ್ದರೆ ಅವರ ಹತ್ತಿರ ಮೊದಲು ಹೋಗಿ. ಬರೆದದ್ದನ್ನು ಪತ್ರಿಕೆಗೆ ಕಳಿಸಿ. ಕಾಗುಣಿತದ ತಪ್ಪಿದ್ದರೂ ಚಿಂತೆಯಿಲ್ಲ, ನಮಗೂ ಇರುತ್ತವೆ.

ಸಂಜೆ ನಾವು ವಾಪಸು ಹೊರಟಾಗ ಆ ಅಜ್ಜ ಎದ್ದು ಕುರಿ ಎಬ್ಬಿಸುತ್ತಿದ್ದ. 'ಮೊದಲು ಇಲ್ಲಿಂದ ನೇರ ಹಾಯ್ದರೆ ನಮ್ಮ ಹಟ್ಟಿ, ಈಗ ಸುತ್ತಾಕಬೇಕು' ಅಂದ. ಎಷ್ಟು ದೂರ ಅಂತ ಕೇಳಿದೆವು. 'ಕತ್ತಲಾಗೋಷ್ಟು' ಅಂತ ಹೇಳಿ ಗೋಡೆಯ ಪಕ್ಕ ಹಿಡಿದು ನಡೆದ. ಕುರಿಗಳು ಹಿಂದೆ ಹೋದವು.